ಯಾರ ಹತ್ತಿರ ಯಾವ ರಾಕ್ ಆಲ್ಬಂ ಇದೆ? ಪಟ್ಟಿ ಮಾಡಿ ತಾಳೆ ನೋಡುವ ಸಮಗ್ರ ಮಾರ್ಗದರ್ಶಿ

ನಾಲ್ಕು ಜನ ರಾಕ್ ಕೇಳುಗರು ಒಂದೆಡೆ ಕೂತರೆ ‘ರಿವಾಲ್ವರ್ ಇದೆಯಾ ನಿನ್ನ ಹತ್ರ?’ ಅನ್ನುವ ಪ್ರಶ್ನೆ ಬಾರದೆ ಇರದು. ರಿವಾಲ್ವರ್ ಅಂದರೆ ಇಲ್ಲಿ ಬೀಟಲ್ಸ್ ತಂಡದ ಆಲ್ಬಂ. ನಾಲ್ವರೂ ‘ಇದೆ’ ಅನ್ನುತ್ತಾರೆ. ಬಿಡಿಸಿ ಕೇಳಿದರೆ ಒಬ್ಬರದು 1966ರ ಬ್ರಿಟಿಷ್ ಎಲ್‌ಪಿ (ಗ್ರಾಮೊಫೋನ್ ತಟ್ಟೆ), 14 ಹಾಡು. ಇನ್ನೊಬ್ಬರದು ಅದೇ ವರ್ಷದ ಅಮೆರಿಕದ ಕ್ಯಾಪಿಟಲ್ ಕಂಪನಿಯ ಎಲ್‌ಪಿ, 11 ಹಾಡು. ತಂಡದ ಜಾನ್ ಲೆನನ್‌ನ ಮೂರು ಹಾಡುಗಳನ್ನು ಅಲ್ಲಿ ಮೊದಲೇ ‘ಯೆಸ್ಟರ್‌ಡೇ ಅಂಡ್ ಟುಡೇ’ ಎಂಬ ಬೇರೆ ಆಲ್ಬಂಗೆ ಹಾಕಿ ಮುಗಿಸಿದ್ದರು. ಮೂರನೆಯವರದು ಸಿಡಿ. ನಾಲ್ಕನೆಯವರು ಫೋನಿನಲ್ಲಿ ಹೃದಯದ ಗುರುತು ಒತ್ತಿಟ್ಟಿದ್ದಾರೆ, ಅಷ್ಟೇ.

ಪಟ್ಟಿ ತಾಳೆ ನೋಡುವಾಗ ಆಗುವ ಗೊಂದಲದಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುವುದು. ‘ಇದೆ’ ಅಂದರೇನು ಅನ್ನುವುದು ಮೊದಲೇ ತೀರ್ಮಾನವಾಗಿರಬೇಕು, ಯಾವ ರಿವಾಲ್ವರ್ ಅನ್ನುವುದು ಬರಹದಲ್ಲಿ ಇರಬೇಕು. ಇವೆರಡು ಆದರೆ ಉಳಿದದ್ದು ಬರೀ ಲೆಕ್ಕ.

ಮೊದಲು: ‘ಇದೆ’ ಬೇರೆ, ‘ಗೊತ್ತು’ ಬೇರೆ

ಇವೆರಡನ್ನೂ ಒಂದೇ ಕಾಲಂನಲ್ಲಿ ಬೆರೆಸಬೇಡಿ. ಸೀಲು ಒಡೆಯದ ಎಲ್‌ಪಿ ಇಟ್ಟುಕೊಂಡವರಿದ್ದಾರೆ. ಒಂದೂ ತಟ್ಟೆ ಕೊಳ್ಳದೆ ನೂರು ಆಲ್ಬಂ ಬಾಯಿಪಾಠ ಮಾಡಿಕೊಂಡವರೂ ಇದ್ದಾರೆ. ಎರಡು ಅಂಕ ಸಾಕು.

ಇರುವುದಕ್ಕೆ: 0 ಇಲ್ಲ, 1 ಸ್ವಂತ ಡಿಜಿಟಲ್ ಫೈಲ್, 2 ಕ್ಯಾಸೆಟ್ ಅಥವಾ ಸಿಡಿ, 3 ಎಲ್‌ಪಿ (ಯಾವ ಮುದ್ರಣವಾದರೂ), 4 ಆ ಪ್ರತಿ ಅಚ್ಚಾದ ದೇಶದಲ್ಲಿ ಮೊದಲ ಸಲ ಬಂದ ಮುದ್ರಣ.

ಗೊತ್ತಿರುವುದಕ್ಕೆ: 0 ಕೇಳಿಲ್ಲ, 1 ಒಂದೆರಡು ಹಾಡು ಕಿವಿಗೆ ಬಿದ್ದಿದೆ, 2 ಮೊದಲಿನಿಂದ ಕೊನೆವರೆಗೆ ಒಮ್ಮೆಯಾದರೂ ಕೇಳಿದೆ, 3 ಹಲವು ಸಲ ಕೇಳಿದೆ, 4 ಹಾಡುಗಳ ಕ್ರಮ ನೆನಪಿನಲ್ಲಿದೆ.

ಸ್ಟ್ರೀಮಿಂಗ್ ಆ್ಯಪಿನಲ್ಲಿ ಉಳಿಸಿಟ್ಟದ್ದಕ್ಕೆ ‘ಇರುವುದು’ ಕಾಲಂನಲ್ಲಿ 0 ಹಾಕಿ. ಇದಕ್ಕೆ ಕೆಲವರು ಮುನಿಸಿಕೊಳ್ಳುತ್ತಾರೆ. ಆದರೆ ಚಂದಾ ಕಟ್ಟುವುದು ನಿಂತ ದಿನ ಹೋಗಿಬಿಡುವುದನ್ನು ಸಂಗ್ರಹ ಅನ್ನಲಾಗದು. ಕೇಳಿದ್ದಕ್ಕೆ ಅಂಕ ಎರಡನೇ ಕಾಲಂನಲ್ಲಿ ಹೇಗೂ ಸಿಗುತ್ತದೆ.

ಗೊತ್ತಿರುವ ಕಾಲಂನಲ್ಲಿ ಎಲ್ಲರೂ ಸ್ವಲ್ಪ ಉದಾರಿಗಳಾಗುತ್ತಾರೆ. 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಹೋಗಿ ರೋಲಿಂಗ್ ಸ್ಟೋನ್ಸ್ ಕೇಳಿಬಂದವರಿಗೆ ಹಾಡು ಹತ್ತಾರು ಗೊತ್ತಿರಬಹುದು, ಒಂದು ಆಲ್ಬಂ ಪೂರ್ತಿ ಗೊತ್ತಿಲ್ಲದೆಯೂ ಇರಬಹುದು. ಪರೀಕ್ಷೆಗೆ ಒಂದೇ ಪ್ರಶ್ನೆ ಸಾಕು: ಒಂದನೇ ಬದಿ ಯಾವ ಹಾಡಿಗೆ ಮುಗಿಯುತ್ತದೆ? ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ನಲ್ಲಿ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಗೆ ಮುಗಿದು, ತಟ್ಟೆ ಮಗುಚಿದ ಮೇಲೆ ‘ಮನಿ’ ಶುರು. ಈಗಲ್ಸ್‌ನ ‘ಹೋಟೆಲ್ ಕ್ಯಾಲಿಫೋರ್ನಿಯಾ’ದಲ್ಲಿ ‘ವೇಸ್ಟೆಡ್ ಟೈಮ್’ಗೆ ಒಂದನೇ ಬದಿ ಮುಗಿಯುತ್ತದೆ, ಅದರದೇ ಚಿಕ್ಕ ವಾದ್ಯರೂಪದಿಂದ ಎರಡನೇ ಬದಿ ತೆರೆದುಕೊಳ್ಳುತ್ತದೆ. ಸಿಡಿಯಲ್ಲಿ ಮಾತ್ರ ಕೇಳಿದವರಿಗೆ ಬದಿ ಎಲ್ಲಿ ಮುರಿಯುತ್ತದೆ ಅಂತ ಗೊತ್ತಿರುವುದಿಲ್ಲ. ಅವರನ್ನು ಬದಿ ಕೇಳದೆ ಹಾಡುಗಳ ಕ್ರಮ ಕೇಳಿ.

ಪಟ್ಟಿಯ ಚೌಕಟ್ಟು

ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಕಾಲಂಗಳು ಈ ಕ್ರಮದಲ್ಲಿರಲಿ: ಕಲಾವಿದರು, ಆಲ್ಬಂ, ಜಗತ್ತಿನಲ್ಲಿ ಎಲ್ಲಿಯಾದರೂ ಮೊದಲು ಬಿಡುಗಡೆಯಾದ ವರ್ಷ, ನಿಮ್ಮ ಪ್ರತಿಯ ದೇಶ, ರೂಪ, ಕ್ಯಾಟಲಾಗ್ ಸಂಖ್ಯೆ (ಕಂಪನಿ ಆಲ್ಬಂಗೆ ಕೊಟ್ಟ ಸಂಖ್ಯೆ), ಎರಡೂ ಬದಿಯ ರನ್‌ಔಟ್ ಬರಹ (ಲೇಬಲ್ ಸುತ್ತಲಿನ ಖಾಲಿ ಪಟ್ಟಿಯಲ್ಲಿ ಕೆತ್ತಿದ್ದು), ತಟ್ಟೆಯ ಸ್ಥಿತಿ, ಕವರಿನ ಸ್ಥಿತಿ, ಒಳಗಿನ ಬಿಡಿಭಾಗ, ಇರುವ ಅಂಕ, ಗೊತ್ತಿರುವ ಅಂಕ. ಒಂದು ಎಲ್‌ಪಿಗೆ ಮೊದಮೊದಲು ಐದು ನಿಮಿಷ ಹಿಡಿಯುತ್ತದೆ, ಕೈ ಕುದುರಿದ ಮೇಲೆ ಎರಡು. ದಿನಕ್ಕೆ 20ರಂತೆ ಮಾಡಿ. ಒಂದೇ ಕೂತಿಗೆ ಇನ್ನೂರು ಮುಗಿಸಲು ಹೊರಟವರ ಪಟ್ಟಿಯಲ್ಲಿ ಐವತ್ತರ ನಂತರ ರನ್‌ಔಟ್ ಕಾಲಂ ಖಾಲಿಯಾಗಿಯೇ ಇರುತ್ತದೆ.

ಎಲ್ಲರ ಪಟ್ಟಿಗೂ ಸಾಮಾನ್ಯವಾದ ಒಂದು ಗುರುತು ಬೇಕು. ಕಲಾವಿದರು, ವರ್ಷ, ಆಲ್ಬಂ ಹೆಸರು, ಮೂರನ್ನೂ ಸೇರಿಸಿ ಒಂದು ಕಾಲಂ ಮಾಡಿಕೊಳ್ಳಿ. ಮೂರರಲ್ಲಿ ಯಾವುದನ್ನೂ ಬಿಡುವಂತಿಲ್ಲ. ಹೆಸರು ಮಾತ್ರ ಇಟ್ಟರೆ ಫ್ಲೀಟ್‌ವುಡ್ ಮ್ಯಾಕ್ ಸಿಕ್ಕಿಹಾಕಿಸುತ್ತದೆ: ತಂಡದ ಹೆಸರನ್ನೇ ಹೊತ್ತ ಆಲ್ಬಂ 1968ರಲ್ಲಿ ಒಂದು, 1975ರಲ್ಲಿ ಇನ್ನೊಂದು. ಮೊದಲನೆಯದು ಪೀಟರ್ ಗ್ರೀನ್ ಕಾಲದ ಬ್ಲೂಸ್, ಎರಡನೆಯದು ಸ್ಟೀವಿ ನಿಕ್ಸ್ ಬಂದ ಮೇಲಿನದು, ಎರಡಕ್ಕೂ ಅಜಗಜಾಂತರ. ‘ಸಂತಾನ’ 1969ರಲ್ಲೂ ಇದೆ, 1971ರಲ್ಲೂ ಇದೆ. ಪೀಟರ್ ಗೇಬ್ರಿಯಲ್ ಅಂತೂ 1977, 1978, 1980, 1982ರಲ್ಲಿ ನಾಲ್ಕು ಸಲ ತನ್ನ ಹೆಸರನ್ನೇ ಇಟ್ಟ. ವರ್ಷ ಮಾತ್ರ ನಂಬಿದರೂ ಕೆಟ್ಟಿತು: ಲೆಡ್ ಜೆಪ್ಪೆಲಿನ್‌ನ ಮೊದಲೆರಡು ಆಲ್ಬಂ 1969ರವೇ, ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ ಆ ಒಂದೇ ವರ್ಷ ಮೂರು ಆಲ್ಬಂ ತಂದಿತು.

‘ಮೊದಲು ಬಿಡುಗಡೆಯಾದ ವರ್ಷ’ ಅಂದದ್ದಕ್ಕೂ ಕಾರಣವಿದೆ. ಎಸಿ/ಡಿಸಿಯ ‘ಡರ್ಟಿ ಡೀಡ್ಸ್ ಡನ್ ಡರ್ಟ್ ಚೀಪ್’ ಆಸ್ಟ್ರೇಲಿಯಾದಲ್ಲಿ 1976ರಲ್ಲೇ ಬಂತು, ಅಮೆರಿಕಕ್ಕೆ ತಲುಪಿದ್ದು 1981ರಲ್ಲಿ, ‘ಬ್ಯಾಕ್ ಇನ್ ಬ್ಲ್ಯಾಕ್’ ಆದ ಮೇಲೆ. ಇಬ್ಬರು ಎರಡು ವರ್ಷ ಬರೆದರೆ ಶೀಟು ಅದನ್ನು ಎರಡು ಆಲ್ಬಂ ಅಂತಲೇ ಎಣಿಸುತ್ತದೆ.

ಇನ್ನು ಶೀಟು ತಾನಾಗಿ ಮಾಡುವ ತಂಟೆಗಳು. ರಶ್ ತಂಡದ ‘2112’, ವ್ಯಾನ್ ಹೇಲನ್‌ನ ‘1984’, ‘5150’ ಇವು ಹೆಸರುಗಳು, ಆದರೆ ಶೀಟು ಅವನ್ನು ಸಂಖ್ಯೆಯಾಗಿ ನುಂಗುತ್ತದೆ. ಒಬ್ಬರ ಪಟ್ಟಿಯಲ್ಲಿ ಅಕ್ಷರವಾಗಿ, ಇನ್ನೊಬ್ಬರದರಲ್ಲಿ ಸಂಖ್ಯೆಯಾಗಿ ಕೂತರೆ ಹುಡುಕುವ ಸೂತ್ರಕ್ಕೆ ಅವೆರಡೂ ಬೇರೆ ಬೇರೆ. ಬೆರಳಚ್ಚು ಮಾಡುವ ಮೊದಲೇ ಆ ಕಾಲಂ ಪೂರ್ತಿ ‘ಟೆಕ್ಸ್ಟ್’ ಎಂದು ಮಾಡಿಡಿ. ಹೆಸರಿನ ಕೊನೆಯ ಖಾಲಿ ಜಾಗವೂ ಹೊಂದಾಣಿಕೆ ಕೆಡಿಸುತ್ತದೆ. ‘ಟ್ರಿಮ್’ ಸೂತ್ರ ಹಾಕಿ. ಮೋಟರ್‌ಹೆಡ್, ಬ್ಲೂ ಆಯ್ಸ್ಟರ್ ಕಲ್ಟ್ ಹೆಸರುಗಳಲ್ಲಿ ತಲೆಯ ಮೇಲೆ ಎರಡು ಚುಕ್ಕಿಯ ಅಕ್ಷರ ಇರುವುದರಿಂದ ಫೈಲನ್ನು ಯುಟಿಎಫ್-8ರಲ್ಲೇ ಉಳಿಸಿ, ಇಲ್ಲದಿದ್ದರೆ ಮೇಲ್‌ನಲ್ಲಿ ಕಳಿಸಿದಾಗ ಪ್ರಶ್ನೆ ಚಿಹ್ನೆಗಳಾಗುತ್ತವೆ.

ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯುವವರಿಗೆ ಇನ್ನೊಂದು ಗುಂಡಿ ಇದೆ. ‘ಫ್ಲೀಟ್‌ವುಡ್’ನಲ್ಲಿ ಟ್ ಮತ್ತು ವು ಒಂದಕ್ಕೊಂದು ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ. ಒಂದು ಕೀಬೋರ್ಡು ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಯಾರಾದರೂ ಒಬ್ಬರು ಮೂಲಪಟ್ಟಿ ತಯಾರಿಸಿ, ಉಳಿದವರು ಅದರಿಂದಲೇ ಡ್ರಾಪ್‌ಡೌನ್‌ನಲ್ಲಿ ಆರಿಸಿಕೊಳ್ಳುವುದು ಕ್ಷೇಮ.

ಗ್ರೇಟೆಸ್ಟ್ ಹಿಟ್ಸ್ ಸಂಕಲನಗಳನ್ನು ಪ್ರತ್ಯೇಕ ಹಾಳೆಗೆ ಹಾಕಿ. ಈಗಲ್ಸ್‌ನ 1976ರ ಸಂಕಲನ ಇದ್ದವರು ಅವರ ಮೊದಲ ನಾಲ್ಕು ಆಲ್ಬಂ ‘ಗೊತ್ತು’ ಅಂದುಕೊಳ್ಳುವುದು ತೀರಾ ಸಾಮಾನ್ಯ. ಒಂದೊಂದರಿಂದ ಅವರು ಕೇಳಿರುವುದು ಎರಡು ಮೂರು ಹಾಡು, ಅಷ್ಟೇ.

ಯಾವ ಪ್ರತಿ? ತಟ್ಟೆಯನ್ನೇ ಕೇಳಿ

ಪಟ್ಟಿಯ ಅಸಲು ಕೆಲಸ ಇದು, ರುಚಿ ಇರುವುದೂ ಇಲ್ಲೇ. ಕವರನ್ನು ನಂಬಬೇಡಿ, ಲೇಬಲ್ ಮೇಲಿನ ವರ್ಷವನ್ನಂತೂ ನಂಬಲೇಬೇಡಿ. ಅದು ಧ್ವನಿಮುದ್ರಣದ ಹಕ್ಕಿನ ವರ್ಷ. 1973 ಅಂತ ಇರುವ ತಟ್ಟೆ 1988ರಲ್ಲಿ ಅಚ್ಚಾಗಿದ್ದೀತು. ಕ್ಯಾಟಲಾಗ್ ಸಂಖ್ಯೆಯೂ ಹಲವು ವರ್ಷ ಹಾಗೆಯೇ ಮುಂದುವರಿಯುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದರಲ್ಲಿ ಒಂದು ಪ್ರತಿಯ ಕವರಿನೊಳಗೆ ಇನ್ನೊಂದರ ತಟ್ಟೆ ಸೇರಿರುವುದೂ ಉಂಟು.

ನೋಡಬೇಕಾದದ್ದು ರನ್‌ಔಟ್: ಕೊನೆಯ ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ನುಣುಪಾದ ಪಟ್ಟಿ. ತಟ್ಟೆಯನ್ನು ಎರಡು ಅಂಗೈಗಳಿಂದ ಅಂಚಿನಲ್ಲಿ ಹಿಡಿಯಿರಿ. ಇನ್ನೊಬ್ಬರು ಟಾರ್ಚ್ ಹಿಡಿಯಲಿ, ಮೇಲಿನಿಂದಲ್ಲ, ತಟ್ಟೆಯ ಮಟ್ಟಕ್ಕೆ ಸಮವಾಗಿ ಪಕ್ಕದಿಂದ. ಟಾರ್ಚ್ ಅಲ್ಲಾಡಿಸದೆ ತಟ್ಟೆಯನ್ನೇ ನಿಧಾನ ತಿರುಗಿಸಿ. ಮೇಲಿನಿಂದ ಬೆಳಕು ಬಿದ್ದಾಗ ಕಾಣದೆ ಇದ್ದ ಗೀರು ಅಕ್ಷರಗಳು ಒಂದೊಂದಾಗಿ ಏಳುತ್ತವೆ. ಕೆಲವು ಯಂತ್ರದಿಂದ ಒತ್ತಿದವು, ಕೆಲವು ಕೈಯಿಂದ ಕೆತ್ತಿದವು. ಅಡ್ಡಗೆರೆ, ಹೊಡೆದುಹಾಕಿದ ಅಕ್ಷರ ಎಲ್ಲವನ್ನೂ ಇದ್ದಂತೆ ಬರೆಯಿರಿ, ಎರಡೂ ಬದಿಯದ್ದು. ಫೋನಿನಲ್ಲಿ ಫೋಟೊ ತೆಗೆಯುವಾಗ ಫ್ಲ್ಯಾಶ್ ಆರಿಸಿ. ಫ್ಲ್ಯಾಶ್ ಹೊಡೆದರೆ ಬರೀ ಹೊಳಪು ಬರುತ್ತದೆ.

ಬ್ರಿಟನ್ನಿನ ಇಎಂಐ ಕಂಪನಿಯ ತಟ್ಟೆಗಳನ್ನು ಓದಲು ಒಂದು ಕೀಲಿಕೈ ಇದೆ. ಲೇಬಲ್ ನೆಟ್ಟಗೆ ಓದುವಂತೆ ಹಿಡಿದಾಗ ಗಡಿಯಾರದ 6ರ ಜಾಗದಲ್ಲಿ ಮ್ಯಾಟ್ರಿಕ್ಸ್ ಸಂಖ್ಯೆ (ಧ್ವನಿ ಕೆತ್ತಿದ ಮೂಲ ತಟ್ಟೆಯ ಗುರುತು), 9ರ ಜಾಗದಲ್ಲಿ ‘ಮದರ್’ (ನಡುವಿನ ಲೋಹದ ಅಚ್ಚು) ಸಂಖ್ಯೆ, 3ರ ಜಾಗದಲ್ಲಿ ಸ್ಟ್ಯಾಂಪರ್‌ನ (ತಟ್ಟೆ ಒತ್ತುವ ಲೋಹದ ಅಚ್ಚು) ಅಕ್ಷರಗಳು. ಆ ಅಕ್ಷರಗಳು ‘ಗ್ರಾಮೊಫೋನ್ ಲಿಮಿಟೆಡ್’ ಎಂಬುದರ ಇಂಗ್ಲಿಷ್ ಸಂಕ್ಷೇಪದಿಂದ ಬಂದವು: ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ, ಡಿ ಎಂಬ ಹತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ಕೊನೆಯದಕ್ಕೆ 0. ‘ಜಿಆರ್’ ಅಂದರೆ 12ನೇ ಸ್ಟ್ಯಾಂಪರ್, ‘ಆರ್‌ಒ’ ಅಂದರೆ 25. ಸಂಖ್ಯೆ ಚಿಕ್ಕದಿದ್ದಷ್ಟೂ ಆ ಲ್ಯಾಕರ್‌ನಿಂದ (ಧ್ವನಿ ಕೆತ್ತಿದ ಮೂಲ ತಟ್ಟೆ) ಬೇಗ ಅಚ್ಚಾದ ತಟ್ಟೆ.

‘ಡಾರ್ಕ್ ಸೈಡ್’ ಒಂದನ್ನೇ ಹಿಡಿದು ನೋಡೋಣ. ಹಾರ್ವೆಸ್ಟ್ ಲೇಬಲ್‌ನ ಎಸ್‌ಎಚ್‌ವಿಎಲ್ 804, ಮಾರ್ಚ್ 1973. ಬ್ರಿಟನ್ನಿನ ಮೊದಲ ಮುದ್ರಣದ ಲೇಬಲ್ ಮೇಲಿನ ತ್ರಿಕೋನ ನೀಲಿ ತುಂಬಿದ್ದು. ಆಮೇಲಿನವುಗಳಲ್ಲಿ ಬರೀ ಗೆರೆಯ ತ್ರಿಕೋನ. ರನ್‌ಔಟ್‌ನಲ್ಲಿ ಸಂಖ್ಯೆಯ ಮುಂದೆ ಒಂದು ಬದಿ ಎ-2, ಇನ್ನೊಂದು ಬದಿ ಬಿ-2 ಇರಬೇಕು. ಒಳಗೆ ಎರಡು ಪೋಸ್ಟರ್, ಎರಡು ಸ್ಟಿಕರ್. ತ್ರಿಕೋನ ತುಂಬಿದ್ದು ಪೋಸ್ಟರ್ ಇಲ್ಲದಿದ್ದರೆ 4 ಅಂಕ ಕೊಡಿ, ಬಿಡಿಭಾಗದ ಕಾಲಂನಲ್ಲಿ ‘ಪೋಸ್ಟರ್ 0/2’ ಎಂದು ಬರೆಯಿರಿ. ಎಲ್ಲ ಕಾಗದ ಇದ್ದು ತ್ರಿಕೋನ ಗೆರೆಯದ್ದಾದರೆ 3 ಮಾತ್ರ. ಇನ್ನು ಕವರ್ ಹಿಂದೆ ಬಾರ್‌ಕೋಡ್ ಇದ್ದರೆ ವಾದವೇ ಬೇಡ. ಎಲ್‌ಪಿಗಳ ಮೇಲೆ ಬಾರ್‌ಕೋಡ್ ರೂಢಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ.

‘ಲೆಡ್ ಜೆಪ್ಪೆಲಿನ್ 2’ ಇದ್ದವರು ಅಮೆರಿಕದ ಅಟ್ಲಾಂಟಿಕ್ ಎಸ್‌ಡಿ 8236 ಆಗಿದ್ದರೆ ರನ್‌ಔಟ್‌ನಲ್ಲಿ ‘ಆರ್‌ಎಲ್’ ಹುಡುಕಿ. ರಾಬರ್ಟ್ ಲಡ್ವಿಗ್ ಕತ್ತರಿಸಿದ ಲ್ಯಾಕರ್‌ನ ಗುರುತು ಅದು. ಆತ ಧ್ವನಿಯ ಮಟ್ಟವನ್ನು ಎಷ್ಟು ಏರಿಸಿ ಕತ್ತರಿಸಿದ್ದನೆಂದರೆ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳು ಗೆರೆ ಬಿಟ್ಟು ಹಾರತೊಡಗಿತು. ಕಂಪನಿ ಮಟ್ಟ ಇಳಿಸಿ ಮತ್ತೆ ಕತ್ತರಿಸಿತು. ಹೊರನೋಟಕ್ಕೆ ಎರಡೂ ಒಂದೇ. ಎರಡೂ ಬದಿ ನೋಡದೆ ‘ಆರ್‌ಎಲ್ ಇದೆ’ ಅನ್ನಬೇಡಿ.

ಮೋನೊ (ಒಂದೇ ವಾಹಿನಿಯ ಧ್ವನಿ), ಸ್ಟೀರಿಯೊ (ಎಡ, ಬಲ ಎರಡು ವಾಹಿನಿ) ಭೇದವನ್ನು ಬ್ರಿಟಿಷ್ ಬೀಟಲ್ಸ್‌ನಲ್ಲಿ ಬೇರೆ ಸಾಲಾಗಿಯೇ ಬರೆಯಿರಿ. ‘ಸಾರ್ಜೆಂಟ್ ಪೆಪ್ಪರ್ಸ್’ ಮೋನೊ ಆದರೆ ಪಾರ್ಲೊಫೋನ್ ಪಿಎಂಸಿ 7027, ರನ್‌ಔಟ್‌ನಲ್ಲಿ ಎಕ್ಸ್‌ಇಎಕ್ಸ್ 637. ಸ್ಟೀರಿಯೊ ಆದರೆ ಪಿಸಿಎಸ್ 7027, ವೈಇಎಕ್ಸ್ 637. ಕಿವಿಯಲ್ಲೂ ಹಿಡಿಯಬಹುದು: ‘ಶೀಸ್ ಲೀವಿಂಗ್ ಹೋಮ್’ ಮೋನೊದಲ್ಲಿ ತುಸು ವೇಗ, ಶ್ರುತಿಯೂ ಸುಮಾರು ಅರ್ಧ ಸ್ವರ ಮೇಲೆ. 1968ರ ಬಿಳಿ ಕವರಿನ ಜೋಡಿ ಎಲ್‌ಪಿಯಲ್ಲಿ ‘ಹೆಲ್ಟರ್ ಸ್ಕೆಲ್ಟರ್’ ಕೊನೆಗೆ ರಿಂಗೊ ಬೆರಳಲ್ಲಿ ಬೊಬ್ಬೆ ಎದ್ದಿತೆಂದು ಕಿರುಚುವುದು ಸ್ಟೀರಿಯೊದಲ್ಲಿ ಮಾತ್ರ.

ದೇಶಕ್ಕೊಂದು ಹಾಡುಪಟ್ಟಿ ಇರುವವುಗಳ ವಿಷಯದಲ್ಲಿ ಎಚ್ಚರ ತಪ್ಪಬೇಡಿ. ಸ್ಟೋನ್ಸ್‌ನ ‘ಆಫ್ಟರ್‌ಮ್ಯಾತ್’ ಬ್ರಿಟನ್ನಿನಲ್ಲಿ 14 ಹಾಡು, ‘ಪೇಂಟ್ ಇಟ್ ಬ್ಲ್ಯಾಕ್’ ಇಲ್ಲ. ಅಮೆರಿಕದಲ್ಲಿ 11 ಹಾಡು, ಶುರುವಾಗುವುದೇ ಅದರಿಂದ. ಹೆಂಡ್ರಿಕ್ಸ್‌ನ ‘ಆರ್ ಯು ಎಕ್ಸ್‌ಪೀರಿಯೆನ್ಸ್ಡ್’ ಅಮೆರಿಕದಲ್ಲಿ ‘ಪರ್ಪಲ್ ಹೇಜ್’ ಸೇರಿಸಿಕೊಂಡು ‘ರೆಡ್ ಹೌಸ್’ ಕೈಬಿಟ್ಟಿತು. ‘ಆಲ್ಬಂ ಒಂದೇ ತಾನೇ?’ ಅಂದರೆ, ಗುರುತಿನ ಕಾಲಂನಲ್ಲಿ ಒಂದೇ, ದೇಶದ ಕಾಲಂನಲ್ಲಿ ಬೇರೆ.

ಭಾರತದಲ್ಲಿ ಅಚ್ಚಾದವನ್ನು ‘ಲೋಕಲ್’ ಅಂತ ಬದಿಗೆ ತಳ್ಳುವ ಅಭ್ಯಾಸ ನಮ್ಮಲ್ಲಿದೆ. ಕಲ್ಕತ್ತದ ಡಂ ಡಂ ಕಾರ್ಖಾನೆಯಲ್ಲಿ ಗ್ರಾಮೊಫೋನ್ ಕಂಪನಿ ಆಫ್ ಇಂಡಿಯಾ ಒತ್ತಿದ ಬೀಟಲ್ಸ್ ತಟ್ಟೆಗಳನ್ನು ಹೊರದೇಶದ ಸಂಗ್ರಾಹಕರೇ ಹುಡುಕಿಕೊಂಡು ಬರುತ್ತಾರೆ. ಲೇಬಲ್ ಅಂಚಿನಲ್ಲಿ ‘ಮೇಡ್ ಇನ್ ಇಂಡಿಯಾ’ ಇದೆಯೇ ನೋಡಿ, ದೇಶದ ಕಾಲಂನಲ್ಲಿ ಭಾರತ ಅಂತ ಬರೆಯಿರಿ. ಇಲ್ಲಿ ಮೊದಲು ಬಂದ ಮುದ್ರಣವಾದರೆ ಪೂರ್ತಿ 4 ಅಂಕ ಸಲ್ಲಬೇಕು.

ಸಿಡಿಗೆ ಇಷ್ಟು ಕಷ್ಟವಿಲ್ಲ. ಹೊಳೆಯುವ ಬದಿಯ ಒಳವರ್ತುಲದಲ್ಲಿ ‘ಐಎಫ್‌ಪಿಐ’ ಅಕ್ಷರಗಳಿದ್ದರೆ ಅದು 1994 ಅಥವಾ ಆನಂತರದ್ದು. ರೀಮಾಸ್ಟರ್ ಮತ್ತು ರೀಮಿಕ್ಸ್ ಒಂದೇ ಅಲ್ಲ ಅನ್ನುವುದು ನೆನಪಿರಲಿ: ರೀಮಾಸ್ಟರ್‌ನಲ್ಲಿ ಸಿದ್ಧ ಮಿಶ್ರಣದ ಟೇಪನ್ನೇ ತಿದ್ದಿರುತ್ತಾರೆ, ರೀಮಿಕ್ಸ್‌ನಲ್ಲಿ ವಾದ್ಯ ವಾದ್ಯವನ್ನೂ ಬಿಡಿಸಿ ಮತ್ತೆ ಕೂಡಿಸಿರುತ್ತಾರೆ. 2017ರ ‘ಸಾರ್ಜೆಂಟ್ ಪೆಪ್ಪರ್ಸ್’, ಸ್ಟೀವನ್ ವಿಲ್ಸನ್ ಮಾಡಿದ ಜೆಥ್ರೊ ಟಲ್‌ನ 2011ರ ‘ಆ್ಯಕ್ವಲಂಗ್’ ರೀಮಿಕ್ಸ್‌ಗಳು. ಅವು ಇದ್ದ ಮಾತ್ರಕ್ಕೆ ಮೂಲ ಮಿಶ್ರಣ ಕೇಳಿದ ಹಾಗಾಗಲಿಲ್ಲ.

ಡಿಸ್ಕಾಗ್ಸ್ (ತಟ್ಟೆಗಳ ಮುದ್ರಣ ವಿವರ ಇರುವ ಜಾಲತಾಣ) ಬಳಸುವವರಿಗೆ ಒಂದು ಮಾತು. ಅಲ್ಲಿ ಒಂದು ಆಲ್ಬಂನ ಎಲ್ಲ ಮುದ್ರಣಗಳೂ ‘ಮಾಸ್ಟರ್’ ಪುಟದಡಿ ಸಾಲಾಗಿರುತ್ತವೆ, ನಿಮ್ಮ ಸಂಗ್ರಹವನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಲೂ ಬಹುದು. ಆದರೆ ಬಾರ್‌ಕೋಡ್ ಸ್ಕ್ಯಾನ್ ಮಾಡಿದಾಗ ಮೊದಲು ಬಂದದ್ದನ್ನೇ ಒತ್ತಬೇಡಿ. ಒಂದೇ ಬಾರ್‌ಕೋಡಿಗೆ ಹತ್ತು ಮುದ್ರಣ ಇರುತ್ತವೆ. ರನ್‌ಔಟ್ ಹೊಂದಿದ ಮೇಲೆಯೇ ಸೇರಿಸಿ.

ಸ್ಥಿತಿ ಬರೆಯುವಾಗ

ಗೋಲ್ಡ್‌ಮೈನ್ ಪತ್ರಿಕೆಯ ಶ್ರೇಣಿ ಬಳಸಿ: ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ (ವೆರಿ ಗುಡ್), ಗುಡ್, ಪೂರ್. ಇದರಲ್ಲಿ ‘ಗುಡ್’ ಅಂದರೆ ಒಳ್ಳೆಯದಲ್ಲ! ಉದ್ದಕ್ಕೂ ಚರಪರ ಸದ್ದು, ಹೇಗೋ ನಡೆಯುತ್ತದೆ ಅಷ್ಟೇ. ನಮ್ಮಲ್ಲಿ ‘ಗುಡ್ ಕಂಡೀಷನ್ ಸಾರ್’ ಅಂತ ಮಾರುವವರು ಹೇಳುವ ಅರ್ಥವೇ ಬೇರೆ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ನವಿರು ಗೀರು ಕಾಣದು, ಒಂದೇ ಬಲ್ಬಿನ ಕೆಳಗೆ ನೋಡಿ. ಉಗುರಿನ ತುದಿಯನ್ನು ಮೆಲ್ಲಗೆ ಸೋಕಿಸಿದಾಗ ಗೀರು ತಡೆದರೆ ಅದು ಕೇಳಿಸುತ್ತದೆ, ವಿಜಿಗಿಂತ ಮೇಲೆ ಬರೆಯಬೇಡಿ. ತಟ್ಟೆಗೂ ಕವರಿಗೂ ಬೇರೆ ಬೇರೆ ಶ್ರೇಣಿ. ಕರಾವಳಿ, ಮಲೆನಾಡಿನವರ ಪಟ್ಟಿಯಲ್ಲಿ ತಟ್ಟೆ ನಿಯರ್ ಮಿಂಟ್ ಇದ್ದು ಕವರ್ ಬೂಷ್ಟು ಹಿಡಿದಿರುವುದು ಮಾಮೂಲು.

ಬಿಡಿಭಾಗ ಮರೆಯಬೇಡಿ: ‘ಸಾರ್ಜೆಂಟ್ ಪೆಪ್ಪರ್ಸ್’ನ ಕತ್ತರಿಸುವ ಹಾಳೆ, ಬಿಳಿ ಆಲ್ಬಂನ ನಾಲ್ಕು ಭಾವಚಿತ್ರ ಮತ್ತು ಪೋಸ್ಟರ್, ಜೆಥ್ರೊ ಟಲ್‌ನ ‘ಥಿಕ್ ಆ್ಯಸ್ ಎ ಬ್ರಿಕ್’ನ ಪತ್ರಿಕೆ. ‘ಲೆಡ್ ಜೆಪ್ಪೆಲಿನ್ 3’ರ ಕವರೊಳಗಿನ ಚಕ್ರ ತಿರುಗುತ್ತದೆಯೋ ಇಲ್ಲವೋ ಅಂತಲೂ ಬರೆಯಿರಿ.

ಪಟ್ಟಿಗಳನ್ನು ಕೂಡಿಸಿ ಎಣಿಸುವುದು

ಎಲ್ಲರ ಗುರುತು ಕಾಲಂಗಳನ್ನು ಒಂದರ ಕೆಳಗೊಂದು ಅಂಟಿಸಿ, ‘ಯೂನಿಕ್’ ಸೂತ್ರದಿಂದ ಪುನರಾವರ್ತನೆ ತೆಗೆದು ಒಟ್ಟು ಪಟ್ಟಿ ಮಾಡಿ. ಪಕ್ಕದಲ್ಲಿ ಒಬ್ಬೊಬ್ಬರಿಗೆ ಒಂದು ಕಾಲಂ. ‘ಕೌಂಟ್‌ಇಫ್’ನಿಂದ ಅವರ ಹಾಳೆಯಲ್ಲಿ ಆ ಗುರುತು ಇದೆಯೇ ಎಂದು ಎಣಿಸಿ, 0ಕ್ಕಿಂತ ಹೆಚ್ಚು ಬಂದರೆ 1. ಎರಡೆರಡು ಪ್ರತಿ ಇದ್ದವರಿಗೂ 1ಕ್ಕಿಂತ ಹೆಚ್ಚಿಲ್ಲ. ‘ಇರುವ’ ಅಂಕ 0 ಹಾಕಿದ ಸಾಲುಗಳನ್ನು ಈ ಎಣಿಕೆಯಿಂದ ಮೊದಲೇ ಹೊರಗಿಡಿ, ಇಲ್ಲದಿದ್ದರೆ ಇಲ್ಲದ್ದೂ ಇರುವುದಾಗಿ ಎಣಿಕೆಯಾಗುತ್ತದೆ.

ಹೊಂದಾಣಿಕೆ ಎಷ್ಟು ಅನ್ನುವುದಕ್ಕೆ ಎರಡು ಲೆಕ್ಕ. ಒಬ್ಬರಲ್ಲಿ 120 ಆಲ್ಬಂ, ಇನ್ನೊಬ್ಬರಲ್ಲಿ 80, ಇಬ್ಬರಲ್ಲೂ ಇರುವುದು 50 ಅಂದುಕೊಳ್ಳಿ. ಒಟ್ಟು ಬೇರೆ ಬೇರೆ ಆಲ್ಬಂ 150. 50ನ್ನು 150ರಿಂದ ಭಾಗಿಸಿದರೆ ಶೇ 33. ಇದು ಎರಡು ಸಂಗ್ರಹಗಳ ಹೋಲಿಕೆ. 50ನ್ನು ಚಿಕ್ಕ ಪಟ್ಟಿಯ 80ರಿಂದ ಭಾಗಿಸಿದರೆ ಶೇ 62.5, ಚಿಕ್ಕ ಸಂಗ್ರಹದ ಎಷ್ಟು ಪಾಲು ದೊಡ್ಡದರಲ್ಲಿ ಅಡಗಿದೆ ಅನ್ನುವುದು. ಯಾವ ಲೆಕ್ಕ ಅಂತ ಹೇಳದೆ ಶೇಕಡಾ ಮಾತ್ರ ಹೇಳಿದರೆ ಜಗಳ ಗ್ಯಾರಂಟಿ.

ಇಷ್ಟಕ್ಕೂ ‘ಡಾರ್ಕ್ ಸೈಡ್’, ‘ರೂಮರ್ಸ್’ ಇಬ್ಬರಲ್ಲೂ ಇದ್ದರೆ ಅದರಿಂದ ರುಚಿಯ ಬಗ್ಗೆ ಏನೂ ತಿಳಿಯುವುದಿಲ್ಲ, ಅವು ಎಲ್ಲರ ಮನೆಯಲ್ಲೂ ಇರುತ್ತವೆ. ಹಾಗಾಗಿ ಒಂದು ಆಲ್ಬಂ ಎಷ್ಟು ಜನರಲ್ಲಿದೆಯೋ ಅಷ್ಟರಿಂದ 1ನ್ನು ಭಾಗಿಸಿ ತೂಕ ಕೊಡಿ. ಗುಂಪಿನಲ್ಲಿ ಐವರಿದ್ದರೆ ಐದೂ ಜನರಲ್ಲಿರುವುದಕ್ಕೆ 0.2, ಇಬ್ಬರಲ್ಲೇ ಇರುವುದಕ್ಕೆ 0.5. ಇಬ್ಬರ ನಡುವಿನ ಸಮಾನ ಆಲ್ಬಂಗಳ ತೂಕ ಕೂಡಿಸಿ. ಸಂಖ್ಯೆಯಲ್ಲಿ ಹಿಂದಿದ್ದ ಜೋಡಿ ತೂಕದಲ್ಲಿ ಮುಂದೆ ಬಂದರೆ ಅವರಿಬ್ಬರನ್ನು ಅಕ್ಕಪಕ್ಕ ಕೂರಿಸಿ.

ಒಂದೆಡೆ ಸೇರಿದಾಗ

ಒಟ್ಟು ಪಟ್ಟಿಯಿಂದ ಒಬ್ಬರಲ್ಲಿ ಮಾತ್ರ ಇರುವ, ಉಳಿದವರ ಗೊತ್ತಿರುವ ಅಂಕ 0 ಅಥವಾ 1 ಇರುವ ಆಲ್ಬಂಗಳನ್ನು ಬೇರ್ಪಡಿಸಿ. ಕೇಳುವ ಸರದಿ ಇಲ್ಲಿಂದ ಬರಲಿ. ಒಂದು ಎಲ್‌ಪಿಗೆ ಸುಮಾರು 40 ನಿಮಿಷ, ಮಗುಚಲು, ಒರೆಸಲು, ಮಾತಿಗೆ ಇನ್ನೊಂದು 20. ಒಂದು ಸಂಜೆಗೆ ಮೂರಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಕೇಳಿದ ಮೇಲೆ ಅಲ್ಲೇ ಅಂಕ 2ಕ್ಕೆ ಏರಿಸಿ, ಮನೆಗೆ ಹೋಗಿ ಮಾಡುತ್ತೇನೆ ಅಂದವರು ಮಾಡುವುದಿಲ್ಲ.

ತಟ್ಟೆಗಳನ್ನು ತರುವಾಗ ನೆಟ್ಟಗೆ ನಿಲ್ಲಿಸಿ ತನ್ನಿ, ಒಂದರ ಮೇಲೊಂದು ಪೇರಿಸಬೇಡಿ. ಕವರ್ ಸಮೇತ 40 ಎಲ್‌ಪಿ ಅಂದರೆ ಸುಮಾರು 10 ಕಿಲೊ, ಬಟ್ಟೆಯ ಚೀಲದ ಹಿಡಿ ತಡೆಯದು. ಮಧ್ಯಾಹ್ನದ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಸೊಟ್ಟಗಾದದ್ದು ಮತ್ತೆ ಸುಲಭಕ್ಕೆ ಸರಿಹೋಗುವುದಿಲ್ಲ. ಕವರಿನ ಮೇಲೆ ನಿಜವಾದ ಜಿಪ್ ಇರುವ, ಸ್ಟೋನ್ಸ್‌ನ 1971ರ ‘ಸ್ಟಿಕಿ ಫಿಂಗರ್ಸ್’ ತರುವವರು ಅದನ್ನು ಅರ್ಧಕ್ಕೆ ಎಳೆದೇ ತನ್ನಿ. ಮೇಲೆ ಮುಚ್ಚಿದ್ದರೆ ಜಿಪ್‌ನ ಹಿಡಿ ತಟ್ಟೆಯ ಗೆರೆಗಳಿಗೇ ಒತ್ತುತ್ತದೆ. ಅರ್ಧಕ್ಕೆ ಇಳಿಸಿದರೆ ಲೇಬಲ್ ಮೇಲೆ ಬೀಳುತ್ತದೆ. ಅಂಗಡಿಗಳಿಗೆ ಹೋದ ಪ್ರತಿಗಳು ಹಾಳಾದ ಮೇಲೆ ಕಂಪನಿಯೂ ಹೀಗೆಯೇ ಎಳೆದು ಕಳಿಸತೊಡಗಿತ್ತು.